ಕಿಟಕಿ ಇಲ್ಲದ ಮನೆಯಲ್ಲಿ ಸಾಲಿಡ್‌ವರ್ಕ್ಸ್

ಸಿಇಟಿ ಮುಗಿದು ಸೀಟು ಹಂಚಿಕೆ ಆಗೋ ಹೊತ್ತಿಗೆ ಊರ ಕಡೆಯಿಂದ ನನಗೆ ಫೋನ್ ಶುರುವಾಗುತ್ತೆ. "ಹುಡುಗನಿಗೆ ಮೆಕ್ಯಾನಿಕಲ್ ಸಿಕ್ಕಿದೆ ಕಣಪ್ಪ. ಆ್ಯಪಲ್ ಲ್ಯಾಪ್‌ಟಾಪೇ ಬೇಕು ಅಂತ ಕೂತವ್ನೆ. ಅದರಲ್ಲಿ ಸಾಲಿಡ್‌ವರ್ಕ್ಸ್ ಓಡುತ್ತಾ?" ಸಾಫ್ಟ್‌ವೇರಿನವನು ಅಂದ್ಮೇಲೆ ಪ್ರಿಂಟರ್ ರಿಪೇರಿಯಿಂದ ಹಿಡಿದು ಎಲ್ಲಾ ಗೊತ್ತಿರಬೇಕು ಅನ್ನೋದು ನಮ್ಮ ಕಡೆಯ ನಂಬಿಕೆ. ಚಿಕ್ಕ ಉತ್ತರ ಹೇಳಿಬಿಡ್ತೀನಿ: ನೇರವಾಗಿ ಓಡಲ್ಲ, ವಿಂಡೋಸ್ ಲ್ಯಾಪ್‌ಟಾಪ್ ಕೊಡಿಸಿ. ಯಾಕೆ ಓಡಲ್ಲ ಅನ್ನೋದು ಮಾತ್ರ ಫೋನಲ್ಲಿ ಹೇಳಿ ಮುಗಿಯೋ ಕತೆ ಅಲ್ಲ.

ಡಿಸೈನ್ ಸಾಫ್ಟ್‌ವೇರ್‌ಗಳು ಹುಟ್ಟಿನಿಂದಲೇ ವಿಂಡೋಸಿಗೆ ಗಂಟು ಬಿದ್ದವಲ್ಲ. 1982ರಲ್ಲಿ ಆಟೋಕ್ಯಾಡ್ ಬಂದಾಗ ವಿಂಡೋಸ್ ಅನ್ನೋದೇ ಇರಲಿಲ್ಲ. ಆಮೇಲೆ ಅದು ಡಾಸ್, ಯುನಿಕ್ಸ್, ಮ್ಯಾಕ್ ಅಂತ ಸಿಕ್ಕಸಿಕ್ಕ ಕಡೆಯೆಲ್ಲ ಓಡಾಡಿಕೊಂಡಿತ್ತು. ಮ್ಯಾಕಿನವರಿಗೆ ಸಿಕ್ಕಿದ ಕೊನೆಯದು ರಿಲೀಸ್ 12. 1997ರಲ್ಲಿ ಬಂದ ರಿಲೀಸ್ 14 ವಿಂಡೋಸಿಗೆ ಮಾತ್ರ ಅಂದುಬಿಡ್ತು. ಮ್ಯಾಕಿನವರು ಮತ್ತೆ ಆಟೋಕ್ಯಾಡ್ ಕಂಡಿದ್ದು 2010ರಲ್ಲಿ. ನಡುವೆ ಒಂದು ತಲೆಮಾರಿನ ಡ್ರಾಫ್ಟ್ಸ್‌ಮನ್‌ಗಳು ವಿಂಡೋಸಿನಲ್ಲೇ ಕೈ ಕೂರಿಸಿಕೊಂಡು ಮನೆ ಕಟ್ಟಿ ಮಕ್ಕಳ ಮದುವೆಯನ್ನೂ ಮಾಡಿದ್ರು.

ಮೂರು ಆಯಾಮದ ಡಿಸೈನ್ ಕತೆ ಬೇರೆ. ತೊಂಬತ್ತರ ದಶಕದ ಆರಂಭದಲ್ಲಿ ಅದರ ರಾಜ ಪ್ರೊ-ಇಂಜಿನಿಯರ್. ಅದು ಓಡ್ತಿದ್ದದ್ದು ಯುನಿಕ್ಸ್ ವರ್ಕ್‌ಸ್ಟೇಷನ್‌ಗಳ ಮೇಲೆ. ಯಂತ್ರಕ್ಕೊಂದು ದೊಡ್ಡ ಮೊತ್ತ, ಸಾಫ್ಟ್‌ವೇರಿಗೆ ಇನ್ನೊಂದು. ಕಾರು, ವಿಮಾನ ಮಾಡೋ ಕಂಪನಿಗಳಿಗೆ ಸರಿ, ನಾಲ್ಕು ಲೇತ್ ಇಟ್ಟುಕೊಂಡ ವರ್ಕ್‌ಶಾಪಿನವನಿಗೆ ಅದು ಕನಸಿನ ಮಾತು. ಆಗ ಅಮೆರಿಕದ ಮ್ಯಾಸಚೂಸೆಟ್ಸಿನಲ್ಲಿ ಜಾನ್ ಹರ್ಶ್‌ಟಿಕ್ ಅನ್ನೋ ಇಂಜಿನಿಯರ್ 1993ರಲ್ಲಿ ಒಂದು ಕಂಪನಿ ಶುರು ಮಾಡಿದ. (ಈ ಮನುಷ್ಯ ಎಂಐಟಿಯ ಬ್ಲ್ಯಾಕ್‌ಜಾಕ್ ತಂಡದಲ್ಲಿ ಇಸ್ಪೀಟಿನ ಲೆಕ್ಕ ಹಾಕಿ ಕ್ಯಾಸಿನೋಗಳಲ್ಲಿ ಗೆದ್ದವನು. ಇಸ್ಪೀಟಾಡಿ ಉದ್ಧಾರ ಆದವರನ್ನ ನಮ್ಮೂರಲ್ಲಿ ನಾನಂತೂ ನೋಡಿಲ್ಲ.) ಸಾಮಾನ್ಯ ಪಿಸಿ, ಅದರ ಮೇಲೆ ವಿಂಡೋಸ್, ಅದರ ಮೇಲೆ ಮೂರು ಆಯಾಮದ ಡಿಸೈನ್ ಅನ್ನೋದು ಅವನ ಪಂದ್ಯ. 1995ರ ಕೊನೆಗೆ ಸಾಲಿಡ್‌ವರ್ಕ್ಸ್ ಬಂತು, ಸುಮಾರು 4,000 ಡಾಲರಿಗೆ. ಎರಡೇ ವರ್ಷಕ್ಕೆ ಫ್ರಾನ್ಸಿನ ಡಸಾಲ್ಟ್ ಸಿಸ್ಟಮ್ಸ್ ಅದನ್ನ ಕೊಂಡುಕೊಳ್ತು.

ಅಂದ್ರೆ ಇವತ್ತು ನಮ್ಮ ಹುಡುಗನಿಗೆ ಬೀಗದ ಥರ ಕಾಣ್ತಿರೋ ‘ವಿಂಡೋಸ್ ಮಾತ್ರ’ ಅನ್ನೋ ಷರತ್ತು, ಆವತ್ತು ಸಣ್ಣ ವರ್ಕ್‌ಶಾಪಿನವರಿಗೆ ತೆರೆದ ಬಾಗಿಲು. ನನಗೆ ಈ ಕತೆಯಲ್ಲಿ ತುಂಬಾ ಇಷ್ಟವಾಗೋ ಭಾಗ ಇದೇ.

ಹಾಗಾದ್ರೆ ಆಮೇಲಾದ್ರೂ ಮ್ಯಾಕಿಗೆ ತರಬಹುದಿತ್ತಲ್ಲ? ಸಾಲಿಡ್‌ವರ್ಕ್ಸಿನ ಒಳಗೆ ಆಕಾರಗಳ ಲೆಕ್ಕ ಮಾಡೋದು ಪ್ಯಾರಾಸಾಲಿಡ್ ಅನ್ನೋ ಎಂಜಿನ್. ಅದು ಇಂಗ್ಲೆಂಡಿನ ಕೇಂಬ್ರಿಡ್ಜಿನಲ್ಲಿ ಹುಟ್ಟಿ ಈಗ ಸೀಮೆನ್ಸ್ ಕೈಯಲ್ಲಿದೆ. ಆ ಎಂಜಿನ್‌ಗೆ ಮ್ಯಾಕೂ ಒಂದೇ, ಲಿನಕ್ಸೂ ಒಂದೇ. ಐಪ್ಯಾಡಲ್ಲಿ ಓಡೋ ಶೇಪರ್3ಡಿ ಒಳಗೂ ಅದೇ ಇದೆ. ತೊಡಕಿರೋದು ಅದರ ಸುತ್ತ. ಮೆನು, ಬಟನ್, ಎಕ್ಸೆಲ್ ಹಾಳೆಯನ್ನ ಡ್ರಾಯಿಂಗಿನೊಳಗೇ ಕೂರಿಸೋ ಸೌಲಭ್ಯ, ಬೇರೆ ಕಂಪನಿಗಳು ಬರೆದ ಆ್ಯಡ್-ಇನ್‌ಗಳು, ಎಲ್ಲಾ ಮೈಕ್ರೋಸಾಫ್ಟಿನ ಕಾಮ್ ಅನ್ನೋ ವ್ಯವಸ್ಥೆಗೆ ಅಂಟಿಕೊಂಡಿವೆ. ಇಷ್ಟು ವರ್ಷದ ಕೋಡ್‌ನಿಂದ ಅದನ್ನ ಕೀಳೋದು ಅಂದ್ರೆ ಹಲಸಿನ ಹಣ್ಣಿನ ಮೇಣ ಬಿಡಿಸಿದ ಹಾಗೆ. ದಿನಾ ಕೋಡ್ ಬರೆಯೋವನಾಗಿ ಹೇಳ್ತೀನಿ, ಆ ಕೆಲಸ ನನ್ನ ಟೀಮಿಗೆ ಬಂದ್ರೆ ನಾನೂ ರಜೆ ಹಾಕ್ತೀನಿ.

ತಯಾರಕರು ತರಲಿಲ್ಲ, ಹಾಗಾಗಿ ಬೇರೆಯವರು ಸೇತುವೆ ಕಟ್ಟಿದ್ರು. 1997ರಲ್ಲಿ ಕನೆಕ್ಟಿಕ್ಸ್ ಅನ್ನೋ ಕಂಪನಿ ವರ್ಚುವಲ್ ಪಿಸಿ ತಂತು. ಆಗ ಮ್ಯಾಕಿನಲ್ಲಿ ಇದ್ದದ್ದು ಪವರ್‌ಪಿಸಿ ಚಿಪ್, ವಿಂಡೋಸಿಗೆ ಗೊತ್ತಿದ್ದದ್ದು ಇಂಟೆಲ್ ಭಾಷೆ. ವರ್ಚುವಲ್ ಪಿಸಿ ನಡುವೆ ನಿಂತ ದುಭಾಷಿ, ಒಂದೊಂದು ಆಜ್ಞೆಯನ್ನೂ ಅನುವಾದ ಮಾಡಿ ಹೇಳಬೇಕು. ಪತ್ರ ಟೈಪ್ ಮಾಡೋಕೆ ಸಾಕಾಗ್ತಿತ್ತು, ಗೇರ್‌ಬಾಕ್ಸನ್ನ ಪರದೆ ಮೇಲೆ ತಿರುಗಿಸಿ ನೋಡೋಕೆ ಹೋದ್ರೆ ಕಷ್ಟ. 2003ರಲ್ಲಿ ಈ ಸೇತುವೆಯನ್ನ ಮೈಕ್ರೋಸಾಫ್ಟೇ ಕೊಂಡುಕೊಂಡಿತು.

2006 ಬಂತು ನೋಡಿ, ಅದು ಹಬ್ಬದ ವರ್ಷ. ಜನವರಿಯಲ್ಲಿ ಆ್ಯಪಲ್ ಮೊದಲ ಇಂಟೆಲ್ ಮ್ಯಾಕ್ ತಂತು. ಚಿಪ್ ಒಂದೇ ಆದ್ಮೇಲೆ ದುಭಾಷಿ ಯಾಕೆ? ಆದ್ರೂ ವಿಂಡೋಸ್ ಸುಮ್ಮನೆ ಕೂರಲಿಲ್ಲ. ಬೂಟ್ ಆಗೋ ಕ್ರಮವೇ ಬೇರೆ ಇತ್ತು. ಮ್ಯಾಕಿನಲ್ಲಿ ಎಕ್ಸ್‌ಪಿ ಓಡಿಸಿ ತೋರಿಸಿದವರಿಗೆ ಅಂತ ಜನರೇ ಚಂದಾ ಎತ್ತಿ 13,000 ಡಾಲರಿಗೂ ಹೆಚ್ಚಿನ ಬಹುಮಾನ ಇಟ್ರು. ಮಾರ್ಚಿನಲ್ಲಿ ಅದನ್ನ ಗೆದ್ದವರೂ ಆಯ್ತು. ಏಪ್ರಿಲ್ 5ಕ್ಕೆ ಆ್ಯಪಲ್ ತಾನೇ ಬೂಟ್ ಕ್ಯಾಂಪ್ ಹೊರತಂತು. ಒಂದೇ ಲ್ಯಾಪ್‌ಟಾಪಿನಲ್ಲಿ ಎರಡು ಸಂಸಾರ, ಬೆಳಿಗ್ಗೆ ಮ್ಯಾಕ್, ರೀಸ್ಟಾರ್ಟ್ ಮಾಡಿದ್ರೆ ವಿಂಡೋಸ್. ಜೂನ್‌ನಲ್ಲಿ ಪ್ಯಾರಲಲ್ಸ್ ಬಂತು, ರೀಸ್ಟಾರ್ಟೂ ಬೇಡ, ಮ್ಯಾಕಿನೊಳಗೇ ವಿಂಡೋಸ್ ಒಂದು ಬಾಡಿಗೆ ಕೋಣೆಯಲ್ಲಿ ಇರುತ್ತೆ. ಮುಂದಿನ ವರ್ಷ ವಿಎಂವೇರ್ ಫ್ಯೂಷನ್. ಆರ್ಕಿಟೆಕ್ಟುಗಳು ಬೆನ್ನ ಮೇಲೆ ಹಣ್ಣಿನ ಗುರುತು ಇರೋ ಲ್ಯಾಪ್‌ಟಾಪಲ್ಲಿ ರೆವಿಟ್ ತೆರೆಯೋದು ಮಾಮೂಲಿ ಆಗಿದ್ದು ಆಮೇಲೆ.

ಹದಿನಾಲ್ಕು ವರ್ಷ ಈ ಸುಖ. 2020ರ ನವೆಂಬರಿನಲ್ಲಿ ಆ್ಯಪಲ್ ತನ್ನದೇ ಎಂ1 ಚಿಪ್ ಹಾಕ್ತು, ಅದು ಆರ್ಮ್ ಭಾಷೆಯದು. ಬೂಟ್ ಕ್ಯಾಂಪಿಗೆ ಅಲ್ಲಿ ಜಾಗ ಇರಲಿಲ್ಲ. ಬಾಡಿಗೆ ಕೋಣೆ ಉಳೀತು, ಆದ್ರೆ ಅಲ್ಲಿ ಇರಬಹುದಾದದ್ದು ಆರ್ಮ್ ವಿಂಡೋಸ್ ಮಾತ್ರ. ಸಾಲಿಡ್‌ವರ್ಕ್ಸ್ ಬರೆದಿರೋದು ಇಂಟೆಲ್ ಭಾಷೆಯಲ್ಲಿ. ಹಾಗಾಗಿ ಈಗ ಮ್ಯಾಕಿನೊಳಗೆ ವಿಂಡೋಸ್, ಆ ವಿಂಡೋಸಿನೊಳಗೆ ಒಬ್ಬ ದುಭಾಷಿ, ಅವನ ಭುಜದ ಮೇಲೆ ಸಾಲಿಡ್‌ವರ್ಕ್ಸ್. 1997ರ ದುಭಾಷಿ ಮನೆ ಬದಲಾಯಿಸಿ ವಾಪಸ್ ಬಂದ, ಅಷ್ಟೇ. ಈ ಸಲ ಚಿಪ್ ಎಷ್ಟು ಜೋರು ಅಂದ್ರೆ ಸಣ್ಣ ಪಾರ್ಟುಗಳ ಮಟ್ಟಿಗೆ ಕೆಲಸ ಆಗುತ್ತೆ. ದೊಡ್ಡ ಅಸೆಂಬ್ಲಿ ತೆರೆದ್ರೆ ಗ್ರಾಫಿಕ್ಸ್ ಕೈ ಕೊಡುತ್ತೆ, ಯಾಕಂದ್ರೆ ಸಾಲಿಡ್‌ವರ್ಕ್ಸ್ ಹುಡುಕೋದು ತಾನು ಪರೀಕ್ಷೆ ಮಾಡಿ ಒಪ್ಪಿದ ಗ್ರಾಫಿಕ್ಸ್ ಕಾರ್ಡನ್ನ. ಕೋಣೆಯೊಳಗೆ ಅದಕ್ಕೆ ಸಿಗೋದು ತೋರಿಕೆಯ ಕಾರ್ಡು. ಮೈಕ್ರೋಸಾಫ್ಟ್ ಈ ಪ್ಯಾರಲಲ್ಸ್ ದಾರಿಗೆ ಅಧಿಕೃತವಾಗಿ ಒಪ್ಪಿಗೆ ಕೊಟ್ಟಿದ್ದೂ 2023ರ ಫೆಬ್ರವರಿಯಲ್ಲಿ. ಕೆಟ್ಟರೆ ಸಾಲಿಡ್‌ವರ್ಕ್ಸಿನವರು "ಆ ಯಂತ್ರ ನಮ್ಮ ಪಟ್ಟಿಯಲ್ಲಿಲ್ಲ" ಅಂತಾರೆ. ಪ್ರಾಜೆಕ್ಟ್ ಸಬ್‌ಮಿಷನ್ ಹಿಂದಿನ ರಾತ್ರಿ ಆ ಮಾತು ಕೇಳೋ ಧೈರ್ಯ ಇದ್ದವರು ಮ್ಯಾಕ್ ತಗೊಳ್ಳಲಿ.

ಗಮನಿಸಿ, ಪ್ರತಿ ಸೇತುವೆಯೂ ಬಿದ್ದಿದ್ದು ದಡದ ಮಾಲೀಕರು ಮನಸ್ಸು ಬದಲಾಯಿಸಿದಾಗ. ಮೇಲೆ ಓಡಾಡೋ ಡಿಸೈನರನ್ನ ಯಾರೂ ಕೇಳಲಿಲ್ಲ. ಅವನ ಹತ್ತು ವರ್ಷದ ಡ್ರಾಯಿಂಗುಗಳು ಮಾತ್ರ ಅದೇ ಸಾಫ್ಟ್‌ವೇರ್ ತೆರೆದರಷ್ಟೇ ಪೂರ್ತಿ ತೆರೆದುಕೊಳ್ಳೋ ಫೈಲುಗಳಲ್ಲಿ ಕೂತಿವೆ. ಸ್ಟೆಪ್ ಫೈಲಾಗಿ ಹೊರಗೆ ತೆಗೆದ್ರೆ ಆಕಾರ ಬರುತ್ತೆ, ಅದನ್ನ ಯಾವ ಕ್ರಮದಲ್ಲಿ ಕಟ್ಟಿದ ಅನ್ನೋ ಇತಿಹಾಸ ಬರಲ್ಲ.

ಇನ್ನೊಂದು ವಿಷಯ ಉಳೀತು. ಸಾಲಿಡ್‌ವರ್ಕ್ಸನ್ನ ವಿಂಡೋಸಿಗೆ ಕಟ್ಟಿಹಾಕಿದ ಅದೇ ಹರ್ಶ್‌ಟಿಕ್ 2012ರಲ್ಲಿ ಹಳೇ ಗೆಳೆಯರನ್ನ ಸೇರಿಸಿಕೊಂಡು ಇನ್ನೊಂದು ಕಂಪನಿ ಕಟ್ಟಿದ, ಆನ್‌ಶೇಪ್. ಇದು ಬ್ರೌಸರಿನಲ್ಲಿ ಓಡುತ್ತೆ. ಮ್ಯಾಕ್, ಲಿನಕ್ಸ್, ಟ್ಯಾಬ್ಲೆಟ್ ಯಾವುದಾದ್ರೂ ಸರಿ, ಒಳಗೆ ಅದೇ ಪ್ಯಾರಾಸಾಲಿಡ್. 2019ರಲ್ಲಿ ಅದನ್ನ 470 ಮಿಲಿಯನ್ ಡಾಲರಿಗೆ ಕೊಂಡವರು ಯಾರು ಗೊತ್ತಾ? ಪಿಟಿಸಿ. ತೊಂಬತ್ತರಲ್ಲಿ ಅವನು ಎದುರು ಹಾಕಿಕೊಂಡಿದ್ದ ಪ್ರೊ-ಇಂಜಿನಿಯರಿನ ಮಾಲೀಕರು! ಉಚಿತವಾಗಿ ಬಳಸ್ತೀನಿ ಅನ್ನೋರ ಡ್ರಾಯಿಂಗುಗಳು ಅಲ್ಲಿ ಎಲ್ಲರಿಗೂ ಕಾಣೋ ಹಾಗೆ ಇರುತ್ತವೆ, ಫೈಲು ಇರೋದೂ ಅವರ ಸರ್ವರಿನಲ್ಲಿ. ನೆಟ್ ಹೋದ್ರೆ ಕೆಲಸವೂ ನಿಂತಿತು. ಮೂರು ಫೇಸ್ ಕರೆಂಟು ಬರೋ ಹೊತ್ತು ನೋಡಿಕೊಂಡು ಮೋಟಾರು ಹಾಕೋ ನಮ್ಮೂರಿನವರಿಗೆ ಇದನ್ನ ಬಿಡಿಸಿ ಹೇಳೋದೇನೂ ಬೇಕಿಲ್ಲ.