ನಿಂತ ನೋಟ, ನಿಲ್ಲದ ಕಣ್ಣು

ಬಿಳಿ ಹಾಳೆಯ ನಡುವೆ ಒಂದು ಕಪ್ಪು ಚುಕ್ಕೆ ಇಡಿ. ಅದರ ಮೇಲ್ಗಡೆ ಸುಮಾರು 6 ಸೆಂಮೀ ದೂರದಲ್ಲಿ ಪೆನ್ಸಿಲ್ ಪುಡಿಯನ್ನು ಬೆರಳಿನಿಂದ ಉಜ್ಜಿ, ಅಂಚು ಮಸುಕಾದ ತಿಳಿ ಬೂದು ಕಲೆಯೊಂದನ್ನು ಮಾಡಿ. ಹಾಳೆಯನ್ನು ಓದುವ ದೂರದಲ್ಲಿ ಹಿಡಿದು, ಎರಡೂ ಕಣ್ಣುಗಳಿಂದ ಚುಕ್ಕೆಯನ್ನೇ ದಿಟ್ಟಿಸಿ. ಸ್ವಲ್ಪ ಹೊತ್ತಿನಲ್ಲಿ ಕಲೆ ಮಾಸುತ್ತ ಹೋಗಿ ಮಾಯವಾಗುವುದನ್ನು ನಿಮ್ಮಲ್ಲಿ ಹೆಚ್ಚಿನವರು ಕಾಣುವಿರಿ. ನೋಟವನ್ನು ತುಸು ಸರಿಸಿದೊಡನೆ ಅದು ಮರಳುತ್ತದೆ. ಇದು ಅಂಧಬಿಂದುವಿನ ಪರಿಣಾಮವಲ್ಲ. ಒಂದು ಕಣ್ಣಿನ ಅಂಧಬಿಂದುವಿನಲ್ಲಿ ಬಿದ್ದದ್ದನ್ನು ಇನ್ನೊಂದು ಕಣ್ಣು ಕಾಣುತ್ತದೆ. ಸ್ವಿಸ್ ವೈದ್ಯ ಇಗ್ನಾಜ್ ಟ್ರಾಕ್ಸ್ಲರ್ 1804ರಲ್ಲಿ ವರದಿ ಮಾಡಿದ ವಿದ್ಯಮಾನವಿದು.

ಹಾಗಾದರೆ ನೇರವಾಗಿ ದಿಟ್ಟಿಸುತ್ತಿರುವ ಚುಕ್ಕೆ ಏಕೆ ಮಾಸುವುದಿಲ್ಲ? ಉತ್ತರದ ಮೊದಲ ಎಳೆ ಅದಕ್ಕೂ ಮುಂಚೆಯೇ ಸಿಕ್ಕಿತ್ತು. ಚಾರ್ಲ್ಸ್ ಡಾರ್ವಿನ್ನನ ತಂದೆ ರಾಬರ್ಟ್ ಡಾರ್ವಿನ್, ಬಣ್ಣದ ಬಿಲ್ಲೆಗಳನ್ನು ದಿಟ್ಟಿಸುವ ಪ್ರಯೋಗಗಳಲ್ಲಿ, ಎಷ್ಟೇ ಯತ್ನಿಸಿದರೂ ಕಣ್ಣು ಅಲುಗದೆ ನಿಲ್ಲುವುದಿಲ್ಲ ಎಂಬುದನ್ನು 1786ರಲ್ಲಿ ಗುರುತಿಸಿದ್ದ. ಆದರೆ ಈ ಅಲುಗಾಟವನ್ನು ನಂಬಿಕೆಗೆ ಅರ್ಹವಾಗಿ ಅಳೆಯಲು ಇನ್ನೂ ಒಂದೂವರೆ ಶತಮಾನ ಬೇಕಾಯಿತು.

ಕಷ್ಟವೇನೆಂಬುದನ್ನು ಲೆಕ್ಕ ಹಾಕಿ ನೋಡಿ. ಒಂದು ಡಿಗ್ರಿಯ 60ನೇ ಒಂದು ಭಾಗವನ್ನು ಕೋನಮಿನಿಟು ಎನ್ನೋಣ. ಅಕ್ಷಿಪಟಲದ ನಡುವೆ ಒತ್ತೊತ್ತಾಗಿರುವ ಶಂಕು ಕೋಶಗಳ ನಡುವಣ ಅಂತರ ಸುಮಾರು ಅರ್ಧ ಕೋನಮಿನಿಟು. ಅಂದರೆ 60 ಸೆಂಮೀ ದೂರದಲ್ಲಿ ಹಿಡಿದ ಒಂದು ತಲೆಗೂದಲಿನ ದಪ್ಪ. ಅಳೆಯಬೇಕಾದ ಚಲನೆ ಈ ಪ್ರಮಾಣದ್ದು. 1898ರಲ್ಲಿ ಅಮೆರಿಕದ ಎಡ್ಮಂಡ್ ಹ್ಯೂಯಿ, ಓದುವ ಕಣ್ಣಿನ ಚಲನೆಯನ್ನು ದಾಖಲಿಸಲು ಕಾರ್ನಿಯಾದ ಮೇಲೆ ಪ್ಲಾಸ್ಟರ್ ಬಟ್ಟಲನ್ನು ಕೂರಿಸಿ ಅದಕ್ಕೆ ಸನ್ನೆಕಡ್ಡಿಯನ್ನು ಜೋಡಿಸಿದ್ದ. ಸೂಕ್ಷ್ಮ ಕಂಪನಕ್ಕೆ ಅಂಥ ಹೊರೆ ಒಗ್ಗದು.

ತೂಕವಿಲ್ಲದ ಸನ್ನೆಕಡ್ಡಿ ಯಾವುದು? ಬೆಳಕಿನ ಕಿರಣ! ಕನ್ನಡಿ ಗ್ಯಾಲ್ವನೋಮೀಟರ್ ಬಳಸಿದವರಿಗೆ ಇದು ಗೊತ್ತು. ಕನ್ನಡಿ 1 ಕೋನಮಿನಿಟು ತಿರುಗಿದರೆ ಪ್ರತಿಫಲಿತ ಕಿರಣ 2 ಕೋನಮಿನಿಟು ತಿರುಗುತ್ತದೆ. 5 ಮೀಟರ್ ದೂರದ ಪರದೆಯ ಮೇಲೆ ಬೆಳಕಿನ ಚುಕ್ಕೆ ಸುಮಾರು 3 ಮಿಮೀ ಸರಿಯುತ್ತದೆ. 1934ರಲ್ಲಿ ಆಡ್ಲರ್ ಮತ್ತು ಫ್ಲೀಗಲ್‌ಮನ್ ಕಣ್ಣಿನ ಮೇಲೆಯೇ ಪುಟ್ಟ ಕನ್ನಡಿ ಇಟ್ಟು ಈ ತತ್ತ್ವವನ್ನು ಬಳಸಿದರು. 1950ರಲ್ಲಿ ರಾಟ್ಲಿಫ್ ಮತ್ತು ರಿಗ್ಸ್ ಕಣ್ಣಿಗೆ ಬಿಗಿಯಾಗಿ ಕೂರುವ ಕಾಂಟ್ಯಾಕ್ಟ್ ಲೆನ್ಸ್‌ಗೆ ಕನ್ನಡಿ ಅಂಟಿಸಿದರು.

ದಾಖಲೆಗಳಲ್ಲಿ ಮೂರು ಬಗೆಯ ಚಲನೆಗಳು ಕಂಡವು: ಶಂಕು ಕೋಶವೊಂದರ ಅಗಲವನ್ನು ಮೀರದ, ಸೆಕೆಂಡಿಗೆ ಹತ್ತಾರು ಆವೃತ್ತಿಗಳ ಕಂಪನ, ನಿಧಾನವಾದ ಸರಿತ, ಸೆಕೆಂಡಿಗೆ ಒಂದೆರಡು ಬಾರಿ ಆಗುವ ಕಿರುನೆಗೆತ.

ಇವನ್ನು ತಡೆದರೆ ಏನಾಗುತ್ತದೆ? ಕಣ್ಣನ್ನು ಹಿಡಿದು ನಿಲ್ಲಿಸಲಾಗದು. ಆದರೆ ಚಿತ್ರವನ್ನು ಕಣ್ಣಿನೊಡನೆ ಚಲಿಸುವಂತೆ ಮಾಡಬಹುದು. ರಿಗ್ಸ್ ತಂಡ ಲೆನ್ಸಿನ ಮೇಲಿನ ಕನ್ನಡಿಯಿಂದಲೇ ಚಿತ್ರವನ್ನು ಪರದೆಗೆ ಪ್ರತಿಫಲಿಸಿತು. ಕಿರಣ ಇಮ್ಮಡಿ ಕೋನ ತಿರುಗುವುದರಿಂದ ಚಿತ್ರ ಕಣ್ಣಿಗಿಂತ ಮುಂದೆ ಓಡುತ್ತದೆ. ಇದನ್ನು ಸರಿದೂಗಿಸಲು, ಕಣ್ಣು ಪರದೆಯನ್ನು ನೋಡುವ ಬೆಳಕಿನ ಹಾದಿಯನ್ನು ಇಮ್ಮಡಿ ಉದ್ದ ಮಾಡಲಾಯಿತು. ದೂರ ಇಮ್ಮಡಿಯಾದಾಗ ಕೋನ ಅರ್ಧವಾಗುತ್ತದಷ್ಟೆ! ಇದೇ ಗುರಿಯ ಪ್ರಯೋಗವನ್ನು ಇಂಗ್ಲೆಂಡಿನ ರೆಡಿಂಗ್‌ನಲ್ಲಿ ಡಿಚ್‌ಬರ್ನ್ ಮತ್ತು ಗಿನ್ಸ್‌ಬೋರ್ಗ್ 1952ರಲ್ಲಿ ಪ್ರಕಟಿಸಿದರು. ರಿಗ್ಸ್ ತಂಡದ ವರದಿ 1953ರಲ್ಲಿ ಬಂತು. ಡಿಚ್‌ಬರ್ನ್ ಭೌತವಿಜ್ಞಾನಿ, ಬೆಳಕಿನ ಬಗ್ಗೆ ಅವರು ಬರೆದ ಪಠ್ಯವನ್ನು ನಿಮ್ಮ ಕಾಲೇಜು ಗ್ರಂಥಾಲಯದಲ್ಲಿ ನೀವು ಕಂಡಿರಬಹುದು. ಎರಡೂ ಕಡೆ ದೊರೆತ ಫಲಿತಾಂಶ ಒಂದೇ: ಕಣ್ಣು ತೆರೆದಿದ್ದರೂ, ಬೆಳಕು ಬೀಳುತ್ತಿದ್ದರೂ, ಕೆಲವೇ ಸೆಕೆಂಡುಗಳಲ್ಲಿ ಚಿತ್ರ ಕಾಣದಾಗುತ್ತಿತ್ತು.

ದೃಷ್ಟಿವ್ಯೂಹವನ್ನು ಕೆಪಾಸಿಟರ್‌ಗೆ ಹೋಲಿಸಬಹುದು. ಕೆಪಾಸಿಟರ್ ಬದಲಾಗುವ ಸಂಕೇತವನ್ನು ಸಾಗಿಸುತ್ತದೆ, ಬದಲಾಗದ್ದನ್ನು ತಡೆಯುತ್ತದೆ. ಕಣ್ಣು ಅಲುಗಿದಾಗ ಚಿತ್ರದ ಅಂಚುಗಳು ಕೋಶಗಳ ಮೇಲೆ ಹಾದುಹೋಗಿ, ನಿಶ್ಚಲ ದೃಶ್ಯ ಬದಲಾಗುವ ಸಂಕೇತವಾಗುತ್ತದೆ.

ಇಲ್ಲಿಗೆ ವಿಷಯ ಮುಗಿಯಲಿಲ್ಲ. ಮೂರರಲ್ಲಿ ಯಾವ ಚಲನೆ ಈ ಕೆಲಸ ಮಾಡುತ್ತದೆ? ಕಿರುನೆಗೆತಗಳಿಂದ ಯಾವ ಉಪಯೋಗವೂ ಇಲ್ಲವೆಂದು ಕೌಲರ್ ಮತ್ತು ಸ್ಟೈನ್‌ಮನ್ ವಾದಿಸಿದರು. 1980ರಲ್ಲಿ ಡಿಚ್‌ಬರ್ನ್ ಅದನ್ನು ಅಲ್ಲಗಳೆದರು. ಬಯಸಿದರೆ ಅವನ್ನು ತಡೆಹಿಡಿಯಬಹುದು ಎಂಬುದು ವಿರೋಧಿಗಳ ಬಲವಾದ ಆಧಾರವಾಗಿತ್ತು. ಕಿರುನೆಗೆತಗಳು ಹೆಚ್ಚಿದಾಗ ಮಾಸಿದ ಕಲೆ ಮರಳುವುದನ್ನು ಮಾರ್ಟಿನೆಜ್-ಕಾಂಡೆ ತಂಡ 2006ರಲ್ಲಿ ತೋರಿಸಿತು. ನಿಧಾನ ಸರಿತವು ಸೂಕ್ಷ್ಮ ವಿವರಗಳನ್ನು ಕಾಣಲು ನೆರವಾಗುತ್ತದೆಂದು ರೂಚಿ ತಂಡ 2007ರಲ್ಲಿ ತಿಳಿಸಿತು. ಸೂಜಿಗೆ ದಾರ ಪೋಣಿಸುವಂಥ ಕೆಲಸದಲ್ಲಿ ಕಿರುನೆಗೆತಗಳು ನೋಟವನ್ನು ಬೇಕಾದ ಬಿಂದುವಿಗೇ ಒಯ್ಯುತ್ತವೆ ಎಂದು 2010ರಲ್ಲಿ ಅದೇ ಗುಂಪು ಕಂಡುಕೊಂಡಿತು. ಹೀಗೆ, ಅಳತೆಯ ದೋಷವೆಂದು ತಳ್ಳಿಹಾಕಬಹುದಾಗಿದ್ದ ಏರಿಳಿತವೇ ನೋಟದ ಅಗತ್ಯವೆಂದು ಸಾಬೀತಾಯಿತು. ಪ್ರಯೋಗಶಾಲೆಯಲ್ಲಿ ಅಲುಗುವ ಅಂಕಿಗಳ ಸರಾಸರಿ ತೆಗೆಯುವ ಮುನ್ನ ವಿದ್ಯಾರ್ಥಿಗಳಿಗೆ ಈ ಕಥೆ ಹೇಳಿ.

ಅವರಿಗೊಂದು ಪ್ರಯೋಗವನ್ನೂ ಕೊಡಿ. ರಟ್ಟಿಗೆ ಸೂಜಿರಂಧ್ರ ಮಾಡಿ, ಕಣ್ಣಿನ ಸಮೀಪ ಹಿಡಿದು, ಬೆಳಗಿದ ಆಕಾಶವನ್ನು ನೋಡಲಿ. ಸೂರ್ಯನನ್ನು ಮಾತ್ರ ನೋಡಕೂಡದು. ರಟ್ಟನ್ನು ಬೇಗಬೇಗ ಅಲುಗಿಸಿದರೆ ಕವಲೊಡೆದ ಕಪ್ಪು ಗೆರೆಗಳು ಕಾಣುತ್ತವೆ. ಅವು ಅಕ್ಷಿಪಟಲದ ರಕ್ತನಾಳಗಳ ನೆರಳು. ನಾಳಗಳು ಕಣ್ಣಿನೊಡನೆಯೇ ಚಲಿಸುವುದರಿಂದ ಆ ನೆರಳು ಸದಾ ನಿಶ್ಚಲ, ಹಾಗಾಗಿ ಅಗೋಚರ. ಅಲುಗಿಸುವುದನ್ನು ನಿಲ್ಲಿಸಿದೊಡನೆ ಗೆರೆಗಳಿಗೆ ಏನಾಗುತ್ತದೆಂದು ಅವರೇ ನೋಡಿ ಹೇಳಲಿ.