ಟ್ವಿಟರ್ ಹಿಂದೆ ಸರಿದ ವರ್ಷ

ಸಿಂಗಲ್ ಪೇಜ್ ಆ್ಯಪ್ ಅಂದರೆ ಪುಟ ಒಂದೇ ಸಲ ಲೋಡ್ ಆಗಿ, ಆಮೇಲೆ ಒಳಗಿನದ್ದನ್ನೆಲ್ಲ ಜಾವಾಸ್ಕ್ರಿಪ್ಟೇ ಬದಲಿಸುತ್ತಾ ಹೋಗುವ ಸೈಟ್. ಇದರ ರುಚಿ ಹತ್ತಿಸಿದ್ದು 2004ರ ಜಿಮೇಲ್, 2005ರ ಗೂಗಲ್ ಮ್ಯಾಪ್ಸ್. ದಿನವಿಡೀ ತೆರೆದಿಡುವ ಮೇಲ್‌ಬಾಕ್ಸ್‌ಗೆ ಇದು ಹೇಳಿ ಮಾಡಿಸಿದ ಹಾಗಿತ್ತು. ಬೆಳಿಗ್ಗೆ ಒಂದು ಸಲ ಕಾದರೆ ಸಂಜೆವರೆಗೂ ಆರಾಮ.

2010ರ ಸೆಪ್ಟೆಂಬರ್‌ನಲ್ಲಿ ಟ್ವಿಟರ್ ಕೂಡ ತನ್ನ ಸೈಟನ್ನು ಹೀಗೇ ಕಟ್ಟಿತು. ಆದರೆ ಟ್ವೀಟ್ ಓದೋರು ಮೇಲ್ ಓದೋರ ಥರ ಅಲ್ಲ ನೋಡಿ. ಯಾರೋ ಕಳಿಸಿದ ಲಿಂಕ್ ಒತ್ತಿ, 140 ಅಕ್ಷರ ಓದಿ, ಹೊರಟುಬಿಡ್ತಾರೆ. ಅಷ್ಟಕ್ಕೇ ಮೊದಲು ಖಾಲಿ ಪುಟ ಬರಬೇಕು, ಜಾವಾಸ್ಕ್ರಿಪ್ಟ್ ಇಳಿಯಬೇಕು, ಓಡಬೇಕು, ಅದು ಮತ್ತೆ ಸರ್ವರ್‌ಗೆ ಹೋಗಿ ಟ್ವೀಟ್ ತರಬೇಕು. ಸರ್ವರ್ ಮಾಡುತ್ತಿದ್ದ ಕೆಲಸ ಓದುಗರ ಹಳೇ ಲ್ಯಾಪ್‌ಟಾಪಿನ ತಲೆಗೆ ಬಿತ್ತು.

ನನ್ನ ಪ್ರಕಾರ ಅದಕ್ಕಿಂತ ದೊಡ್ಡ ಎಡವಟ್ಟು ವಿಳಾಸದ್ದು. ಪುಟ ರೀಲೋಡ್ ಆಗದೆ ವಿಳಾಸ ಬದಲಾಗಲಿ ಅಂತ ನಡುವೆ '#!' ಸೇರಿಸಿದರು. ಇದಕ್ಕೆ ಹ್ಯಾಶ್‌ಬ್ಯಾಂಗ್ ಅಂತ ಹೆಸರು. ಆದರೆ '#' ನಂತರದ ಭಾಗವನ್ನು ಬ್ರೌಸರ್ ಸರ್ವರ್‌ಗೆ ಕಳಿಸೋದೇ ಇಲ್ಲ. ಬಂದವರಿಗೆ ಯಾರ ಟ್ವೀಟ್ ಬೇಕು ಅನ್ನೋದೇ ಸರ್ವರ್‌ಗೆ ಗೊತ್ತಿಲ್ಲ! ಜಾವಾಸ್ಕ್ರಿಪ್ಟ್ ಕೈಕೊಟ್ಟರೆ ಕಥೆ ಮುಗೀತು. 2011ರ ಫೆಬ್ರವರಿಯಲ್ಲಿ ಇದೇ ದಾರಿ ಹಿಡಿದಿದ್ದ ಗಾಕರ್ ಬಳಗಕ್ಕೆ ಆಗಿದ್ದೂ ಅದೇ: ಗಿಜ್ಮೋಡೊ, ಲೈಫ್‌ಹ್ಯಾಕರ್ ಎಲ್ಲ ಖಾಲಿ ಖಾಲಿ.

2012ರ ಮೇ ತಿಂಗಳಲ್ಲಿ ಟ್ವಿಟರ್ ಹಿಂದೆ ಸರಿಯಿತು. ಲಿಂಕ್ ಒತ್ತಿದ ಮೇಲೆ ಮೊದಲ ಟ್ವೀಟ್ ಕಾಣಲು ಎಷ್ಟು ಹೊತ್ತು ಹಿಡಿಯುತ್ತೆ? ಅವರ ಎಂಜಿನಿಯರುಗಳು ಮುಖ್ಯವಾಗಿ ಅಳೆದದ್ದು ಇದನ್ನೇ. ಮೊದಲ ಪುಟ ಸರ್ವರ್‌ನಲ್ಲೇ ಸಿದ್ಧವಾಗಿ ಬರತೊಡಗಿತು, '#!' ಹೋಯಿತು. ಪುಟ ಲೋಡ್ ಆಗುವ ಸಮಯ ಐದನೇ ಒಂದು ಭಾಗಕ್ಕೆ ಇಳಿಯಿತು ಅಂತ ಅವರೇ ಬರೆದುಕೊಂಡರು. ಆದರೆ ಎರಡು ವರ್ಷ ಊರೆಲ್ಲ ಹಂಚಿಹೋಗಿದ್ದ ಹಳೇ ಲಿಂಕುಗಳು? ಸರ್ವರ್‌ಗೆ ಕಾಣದ ವಿಳಾಸವನ್ನು ಸರ್ವರ್ ತಿರುಗಿಸೋದು ಹೇಗೆ! ಅವು ತೆರೆಯಬೇಕಾದರೆ ಮುಖಪುಟದಲ್ಲಿ ಒಂದು ತುಣುಕು ಜಾವಾಸ್ಕ್ರಿಪ್ಟ್ ಕಾವಲಿಗೆ ಇರಲೇಬೇಕು.

ತಮಾಷೆ ಅಂದರೆ, 2017ರಲ್ಲಿ ಬಂದ ಟ್ವಿಟರ್ ಲೈಟ್ ಮತ್ತೆ ಸಿಂಗಲ್ ಪೇಜ್ ಆ್ಯಪ್! ಅದೂ ಭಾರತದಂಥ ಕಡೆ, ನಿಧಾನದ ನೆಟ್‌ವರ್ಕಿನಲ್ಲಿ ಒದ್ದಾಡುವ ಮೊಬೈಲುಗಳಿಗೆ ಅಂತಲೇ ಮಾಡಿದ್ದು. ಅಷ್ಟರಲ್ಲಿ ಬ್ರೌಸರುಗಳೂ ಬಲಿತಿದ್ದವು. '#' ಇಲ್ಲದೆಯೇ ವಿಳಾಸ ಬದಲಿಸಬಹುದಿತ್ತು, ಇಳಿದ ಫೈಲುಗಳನ್ನು ಫೋನಿನಲ್ಲೇ ಉಳಿಸಿಕೊಳ್ಳಬಹುದಿತ್ತು. ಕೋಡನ್ನೂ ಚೂರುಚೂರು ಮಾಡಿ, ಬೇಕಾದಾಗ ಬೇಕಾದಷ್ಟೇ ಕಳಿಸಿದರು.