‘ಅಮೆಚೂರ್’: ಒಲವಿನಿಂದ ಹೊರಟು ಕೋರ್ಟು ಹತ್ತಿದ ಪದ

ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಎಡಿಎ ರಂಗಮಂದಿರ ಇದೆ. ಆ ಹೆಸರಿನ ಮೊದಲ ‘ಎ’ ಎಂದರೆ ಅಮೆಚೂರ್. ಅಮೆಚೂರ್ ಡ್ರಮ್ಯಾಟಿಕ್ ಅಸೋಸಿಯೇಷನ್ ಎಂಬುದು ಪೂರ್ತಿ ಹೆಸರು. ಗುಬ್ಬಿ ವೀರಣ್ಣನವರದು ವೃತ್ತಿ ನಾಟಕ ಕಂಪನಿ. ಹಗಲು ಕಚೇರಿಯಲ್ಲಿ ಕಡತ ನೋಡಿ ಸಂಜೆ ಬಣ್ಣ ಹಚ್ಚುತ್ತಿದ್ದವರದು ಅಮೆಚೂರ್ ತಂಡ. ಕನ್ನಡದಲ್ಲಿ ಇವರಿಗೆ ‘ಹವ್ಯಾಸಿ’ ಎಂಬ ಹೆಸರು ನಿಂತಿತು. ಯಕ್ಷಗಾನದಲ್ಲೂ ವ್ಯವಸಾಯಿ ಮೇಳ, ಹವ್ಯಾಸಿ ತಂಡ ಎಂಬ ಎರಡು ಬಗೆ ಉಂಟು. ಹವ್ಯಾಸಿ ಕಲಾವಿದನೊಬ್ಬ ಒಂದು ರಾತ್ರಿಯ ಆಟಕ್ಕೆ ಸಂಭಾವನೆ ಪಡೆದರೆ ನಮ್ಮಲ್ಲಿ ಯಾರೂ ಅವನನ್ನು ಜಾತಿಯಿಂದ ಹೊರಗೆ ಹಾಕಲಿಲ್ಲ. ಅಮೆರಿಕದಲ್ಲಿ ಹಾಗಲ್ಲ. ಹದಿನೆಂಟರ ಹುಡುಗನೊಬ್ಬ ಬ್ಯಾಸ್ಕೆಟ್‌ಬಾಲ್ ಆಡಿ ಸಂಪಾದಿಸಬಹುದೇ, ಅಥವಾ ಕಾಲೇಜಿಗೆ ಹೋಗಲೇಬೇಕೇ ಎಂಬ ಪ್ರಶ್ನೆಯನ್ನು ಅಲ್ಲಿ ದಶಕಗಳ ಕಾಲ ಆಳಿದ್ದು ಇದೇ ಪದ.

ಮೂಲದಲ್ಲಿ ಇದು ಬಲು ಸೌಮ್ಯವಾದ ಮಾತು. ಲ್ಯಾಟಿನ್ನಿನ ‘ಅಮಾರೆ’ ಎಂದರೆ ಪ್ರೀತಿಸು. ‘ಅಮಾತೊರ್’ ಎಂದರೆ ಪ್ರೀತಿಸುವವನು. ಫ್ರೆಂಚಿನ ದಾರಿಯಾಗಿ 18ನೇ ಶತಮಾನದ ಕೊನೆಗೆ ಇಂಗ್ಲಿಷಿಗೆ ಬಂದಾಗ ಚಿತ್ರಕಲೆಯನ್ನೋ ಸಂಗೀತವನ್ನೋ ಮೆಚ್ಚುವ ರಸಿಕ ಎಂಬಷ್ಟೇ ಅರ್ಥವಿತ್ತು. ನಮ್ಮ ‘ಹವ್ಯಾಸ’ದ ನಂಟೂ ಆಸೆಯ ಜೊತೆಗೇ. ಮರಾಠಿಯಲ್ಲಿ ಈ ಪದಕ್ಕೆ ಇಂದಿಗೂ ಅತಿಯಾಸೆ, ಹಪಾಹಪಿ ಎಂಬ ಅರ್ಥವಿದೆ. ಕನ್ನಡಕ್ಕೆ ಬಂದು ಅದು ತಣ್ಣಗಾಯಿತು. ಅಂಚೆಚೀಟಿ ಸಂಗ್ರಹಿಸುವವನಿಗೂ ಒಗ್ಗುವಷ್ಟು ಸಾಧುವಾಯಿತು.

ಇಂಗ್ಲೆಂಡಿನಲ್ಲಿ ಅಮೆಚೂರ್ ಪದದ ಪಯಣ ಬೇರೆ ದಿಕ್ಕು ಹಿಡಿಯಿತು. 19ನೇ ಶತಮಾನದಲ್ಲಿ ಅದು ಕ್ರೀಡಾಂಗಣಕ್ಕೆ ಇಳಿಯುತ್ತಲೇ ಒಳಗಿನವರು ಯಾರು, ಹೊರಗಿನವರು ಯಾರು ಎಂದು ಗೆರೆ ಎಳೆಯತೊಡಗಿತು. ಥೇಮ್ಸ್ ನದಿಯ ಹೆನ್ಲಿ ದೋಣಿ ಸ್ಪರ್ಧೆಯ 1879ರ ನಿಯಮ ನೋಡಿ: ಕೂಲಿಗಾಗಿ ಮೆಕ್ಯಾನಿಕ್, ಕುಶಲಕರ್ಮಿ ಅಥವಾ ಕೂಲಿಕಾರನಾಗಿ ದುಡಿದವನು ಅಮೆಚೂರ್ ಅಲ್ಲ. ದೋಣಿ ನಡೆಸಿ ಹಣ ಪಡೆದಿರಬೇಕೆಂದಿಲ್ಲ, ಕೈಕೆಲಸ ಮಾಡಿದ್ದರೆ ಸಾಕು, ಬಾಗಿಲು ಮುಚ್ಚಿತು. 1920ರಲ್ಲಿ ಫಿಲಡೆಲ್ಫಿಯಾದ ಜಾನ್ ಕೆಲ್ಲಿಯನ್ನು ಹೆನ್ಲಿ ತಿರಸ್ಕರಿಸಿತು. ಅವನು ಗಾರೆ ಕೆಲಸ ಮಾಡಿದ್ದವನೆಂಬುದೂ ಅದಕ್ಕೆ ಕೊಟ್ಟ ಕಾರಣಗಳಲ್ಲೊಂದು. ಅದೇ ವರ್ಷ ಆ್ಯಂಟ್‌ವರ್ಪ್ ಒಲಿಂಪಿಕ್ಸ್‌ನಲ್ಲಿ ಅವನು ಚಿನ್ನ ಗೆದ್ದ. ಕ್ರಿಕೆಟ್ಟಿನಲ್ಲಿ 1962ರವರೆಗೂ ‘ಜೆಂಟಲ್‌ಮೆನ್’ ಮತ್ತು ‘ಪ್ಲೇಯರ್ಸ್’ ಎಂಬ ಎರಡು ತಂಡಗಳ ನಡುವೆ ಪಂದ್ಯ ನಡೆಯುತ್ತಿತ್ತು. ಸಂಬಳವಿಲ್ಲದೆ ಆಡುವವರು ಜೆಂಟಲ್‌ಮೆನ್, ಸಂಬಳಕ್ಕೆ ಆಡುವವರು ಬರೀ ಪ್ಲೇಯರ್ಸ್. ಹೊಟ್ಟೆಪಾಡಿನ ಚಿಂತೆ ಇಲ್ಲದವನ ಬಿಡುವಿಗೆ ಶೀಲದ ಬಣ್ಣ ಬಳಿದ ಪದ ಇದು.

ಈ ಶೀಲಕ್ಕೆ ಪ್ರಾಚೀನ ಗ್ರೀಸನ್ನು ಸಾಕ್ಷಿಗೆ ಕರೆಯುವುದು ವಾಡಿಕೆ. ಗ್ರೀಕ್ ಭಾಷೆಯೇ ಆ ಸಾಕ್ಷ್ಯವನ್ನು ಸುಳ್ಳಾಗಿಸುತ್ತದೆ. ‘ಅಥ್ಲೀಟ್’ ಪದದ ಬೇರು ‘ಆಥ್ಲಾನ್’. ಅದರ ಅರ್ಥ ಬಹುಮಾನ. ಬಹುಮಾನಕ್ಕಾಗಿ ಸೆಣಸುವವನೇ ಅಥ್ಲೀಟ್. ಅಥೆನ್ಸಿನ ಕ್ರೀಡಾಕೂಟದಲ್ಲಿ ಗೆದ್ದವರಿಗೆ ಹಂಡೆಗಟ್ಟಲೆ ಆಲಿವ್ ಎಣ್ಣೆ ಸಿಗುತ್ತಿತ್ತು. ಒಲಿಂಪಿಯಾದಲ್ಲಿ ಗೆದ್ದು ಬಂದ ಅಥೆನ್ಸಿನವನಿಗೆ ಶಾಸನಕರ್ತ ಸೋಲನ್‌ನ ಕಾನೂನಿನಲ್ಲಿ 500 ದ್ರಾಕ್ಮಾ ಗೊತ್ತಾಗಿತ್ತು ಎಂದು ಪ್ಲೂಟಾರ್ಕ್ ಬರೆದಿದ್ದಾನೆ. ಹಾಗೆ ನೋಡಿದರೆ ‘ಅಮೆಚೂರ್ ಅಥ್ಲೀಟ್’ ಎಂಬುದು ತನ್ನ ಕಾಲಿಗೆ ತಾನೇ ತೊಡರುವ ಜೋಡುಪದ. ಆದರೂ 1912ರ ಸ್ಟಾಕ್‌ಹೋಮ್ ಒಲಿಂಪಿಕ್ಸ್‌ನಲ್ಲಿ ಎರಡು ಚಿನ್ನ ಗೆದ್ದ ಮೂಲನಿವಾಸಿ ಅಮೆರಿಕನ್ ಜಿಮ್ ಥೋರ್ಪ್, ಅದಕ್ಕೆ ಮುಂಚೆ ಅಷ್ಟಿಷ್ಟು ದುಡ್ಡಿಗೆ ಬೇಸ್‌ಬಾಲ್ ಆಡಿದ್ದ ಎಂಬ ಕಾರಣಕ್ಕೆ ಪದಕ ಕಳೆದುಕೊಂಡ. ಅವನೊಬ್ಬನೇ ವಿಜೇತ ಎಂದು ಒಲಿಂಪಿಕ್ ಸಮಿತಿ ಒಪ್ಪಿಕೊಂಡದ್ದು 2022ರಲ್ಲಿ. ಅವನು ತೀರಿಹೋಗಿ ಆಗಲೇ 69 ವರ್ಷ ಸಂದಿದ್ದವು.

ಅಮೆರಿಕದ ಕಾಲೇಜುಗಳು ಈ ಪದವನ್ನು ಇಂಗ್ಲೆಂಡಿನಿಂದ ಎರವಲು ಪಡೆದವು. ಅಮೆರಿಕದಲ್ಲಿ ಕಾಲೇಜು ತಂಡಗಳ ಪಂದ್ಯವೆಂದರೆ ಊರಿಗೆ ಊರೇ ನೆರೆಯುವ ಜಾತ್ರೆ. ಟಿಕೆಟ್, ಟಿ.ವಿ. ಹಕ್ಕು, ತರಬೇತುದಾರರ ಸಂಬಳ ಎಲ್ಲವೂ ಕೋಟಿಗಳಲ್ಲಿ. ಆಡುವ ಹುಡುಗ ಮಾತ್ರ ದಶಕಗಳ ಕಾಲ ಅಮೆಚೂರ್ ಆಗಿಯೇ ಉಳಿದಿದ್ದ. ಕಾಲೇಜು ಕ್ರೀಡೆಯನ್ನು ಆಳುವ ಎನ್‌ಸಿಎಎ 1956ರಲ್ಲಿ ಕ್ರೀಡಾ ಸ್ಕಾಲರ್‌ಷಿಪ್‌ಗೆ ಒಪ್ಪಿತು. ಆ ಹೊತ್ತಿಗೆ ಕೊಲರಾಡೊದಲ್ಲಿ ಒಂದು ದಾವೆ ನಡೆಯುತ್ತಿತ್ತು. 1955ರಲ್ಲಿ ಕಾಲೇಜು ಫುಟ್‌ಬಾಲ್ ಪಂದ್ಯದಲ್ಲಿ ಪೆಟ್ಟು ತಿಂದು ಸತ್ತ ಆಟಗಾರನೊಬ್ಬನ ಹೆಂಡತಿ ಕಾರ್ಮಿಕರಿಗೆ ಸಲ್ಲುವ ಪರಿಹಾರ ಕೇಳಿದ್ದಳು. ಆಟಗಾರ ನೌಕರ ಎಂದಾದರೆ ಪರಿಹಾರ ಕೊಡಬೇಕು, ವಿಮೆ ಮಾಡಿಸಬೇಕು. ಈ ಅಪಾಯವನ್ನು ದೂರವಿಡಲು ಎನ್‌ಸಿಎಎ ‘ಸ್ಟೂಡೆಂಟ್-ಅಥ್ಲೀಟ್’ ಎಂಬ ಹೊಸ ಜೋಡುಪದವನ್ನು ಟಂಕಿಸಿ, ನಿಯಮಾವಳಿಯ ತುಂಬ ಹರಡಿತು. ಸಂಸ್ಥೆಯ ಚುಕ್ಕಾಣಿ ಹಿಡಿದಿದ್ದ ವಾಲ್ಟರ್ ಬೈಯರ್ಸ್ ನಿವೃತ್ತನಾದ ಮೇಲೆ, 1995ರ ತನ್ನ ಪುಸ್ತಕದಲ್ಲಿ, ಆ ಪದ ಹುಟ್ಟಿದ್ದು ಹೀಗೆ ಎಂದು ತಾನೇ ಬರೆದ. ಕೊಲರಾಡೊದ ಹೆಂಗಸು 1957ರಲ್ಲಿ ದಾವೆ ಸೋತಳು.

ಈ ವಾದ ಕನ್ನಡದಲ್ಲಿ ನಡೆದಿದ್ದರೆ ಎನ್‌ಸಿಎಎ ವಕೀಲರು ಮೊದಲ ದಿನವೇ ತಬ್ಬಿಬ್ಬಾಗುತ್ತಿದ್ದರು. ಸ್ಕಾಲರ್‌ಷಿಪ್‌ಗೆ ನಾವು ಹೇಳುವುದು ವಿದ್ಯಾರ್ಥಿವೇತನ. ವೇತನ ಎಂದರೆ ದುಡಿಮೆಗೆ ಕೊಡುವ ಸಂಬಳ. ಅದರಿಂದ ಬದುಕುವವನಿಗೆ ‘ವೈತನಿಕ’ ಎಂಬ ರೂಪವನ್ನು ಪಾಣಿನಿಯೇ ಸಾಧಿಸಿಕೊಟ್ಟಿದ್ದಾನೆ. ಹಿಂದಿಯವರ ‘ಛಾತ್ರವೃತ್ತಿ’ಯಲ್ಲಿರುವುದು ಜೀವನೋಪಾಯ ಎಂಬ ಅರ್ಥದ ವೃತ್ತಿ. ನಮ್ಮ ಶಾಸನಗಳಲ್ಲಿ ಅಗ್ರಹಾರದ ವಿದ್ವಾಂಸರಿಗೆ ಬಿಟ್ಟುಕೊಟ್ಟ ಭೂಮಿಯ ಪಾಲಿಗೂ ವೃತ್ತಿ ಎಂದೇ ಹೆಸರು. ಕಲಿಕೆಗೂ ಅನ್ನಕ್ಕೂ ನಡುವೆ ಗೋಡೆ ಕಟ್ಟುವ ಚಾಳಿ ನಮ್ಮ ಈ ಪದಗಳಿಗೆ ಇಲ್ಲ.

ಅಮೆರಿಕದಲ್ಲಿ ಬ್ಯಾಸ್ಕೆಟ್‌ಬಾಲ್ ಆ ಗೋಡೆಗೆ ತಲೆ ಚಚ್ಚಿಕೊಂಡ ಆಟ. ಹೈಸ್ಕೂಲು (ನಮ್ಮ ಪಿಯುಸಿಗೆ ಸಮ) ಮುಗಿಸಿ ನಾಲ್ಕು ವರ್ಷ ಕಳೆಯುವವರೆಗೆ ಅಲ್ಲಿನ ವೃತ್ತಿಪರ ಲೀಗ್ ಎನ್‌ಬಿಎ ಯಾರನ್ನೂ ಒಳಗೆ ಬಿಡುತ್ತಿರಲಿಲ್ಲ. ಮೆಕ್ಸಿಕೊ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದಿದ್ದ ಸ್ಪೆನ್ಸರ್ ಹೇವುಡ್ ಇದರ ವಿರುದ್ಧ ಸುಪ್ರೀಂ ಕೋರ್ಟಿನವರೆಗೂ ಹೋಗಿ 1971ರಲ್ಲಿ ಗೆದ್ದ. ಬಳಿಕ ಎನ್‌ಬಿಎ ‘ಹಾರ್ಡ್‌ಷಿಪ್’ ಎಂಬ ಕಿಟಕಿ ತೆರೆಯಿತು: ಮನೆಯಲ್ಲಿ ಕಷ್ಟವಿದೆ ಎಂದು ತೋರಿಸಿದರೆ ಬೇಗ ಬರಬಹುದು. ದುಡಿಯುವ ಹಕ್ಕಿಗೆ ಬಡತನದ ಪ್ರಮಾಣಪತ್ರ! 1974ರಲ್ಲಿ ಮೋಸೆಸ್ ಮಲೋನ್ ಹೈಸ್ಕೂಲಿನಿಂದ ನೇರವಾಗಿ ಎನ್‌ಬಿಎಗೆ ಪ್ರತಿಸ್ಪರ್ಧಿಯಾಗಿದ್ದ ಎಬಿಎ ಲೀಗಿಗೆ ಹೋದ. 1995ರಲ್ಲಿ ಕೆವಿನ್ ಗಾರ್ನೆಟ್, 1996ರಲ್ಲಿ ಕೋಬಿ ಬ್ರಯಂಟ್, 2003ರಲ್ಲಿ ಲೆಬ್ರಾನ್ ಜೇಮ್ಸ್ ಕಾಲೇಜಿನ ಮೆಟ್ಟಿಲು ಹತ್ತದೆಯೇ ಎನ್‌ಬಿಎ ಸೇರಿದರು. ಈ ಹೆಸರುಗಳನ್ನು ಎಲ್ಲರೂ ಬಲ್ಲರು. 1998ರಲ್ಲಿ ಹೀಗೆಯೇ ಬಂದ ಕಾರ್ಲಿಯೋನ್ ಯಂಗ್‌ನ ಹೆಸರು ಬಲ್ಲವರು ಕಡಿಮೆ. ಹೊಸ ಆಟಗಾರರನ್ನು ತಂಡಗಳು ಸರದಿಯಂತೆ ಆರಿಸಿಕೊಳ್ಳುವ ‘ಡ್ರಾಫ್ಟ್’ನಲ್ಲಿ ಡೆಟ್ರಾಯಿಟ್ ತಂಡ ಅವನನ್ನು 40ನೆಯವನಾಗಿ ಆರಿಸಿತು. ಎನ್‌ಬಿಎಯಲ್ಲಿ ಅವನು ಆಡಿದ್ದು ಮೂರೇ ಪಂದ್ಯ. ಒಮ್ಮೆ ಡ್ರಾಫ್ಟಿನಲ್ಲಿ ಆಯ್ಕೆಯಾದವನಿಗೆ ಕಾಲೇಜು ತಂಡಕ್ಕೆ ಮರಳುವ ದಾರಿ ಇರಲಿಲ್ಲ. ಹಣ ಮುಟ್ಟಿದವನು ಮತ್ತೆ ಅಮೆಚೂರ್ ಆಗುವುದು ಹೇಗೆ?

ಆಟಗಾರರ ಸಂಘದೊಂದಿಗಿನ 2005ರ ಒಪ್ಪಂದದಲ್ಲಿ ಎನ್‌ಬಿಎ ಬಾಗಿಲನ್ನು ಅರ್ಧ ಮುಚ್ಚಿತು. ಡ್ರಾಫ್ಟಿನ ವರ್ಷದಲ್ಲಿ 19 ತುಂಬಬೇಕು, ಹೈಸ್ಕೂಲು ಮುಗಿದು ಒಂದು ವರ್ಷ ಆಗಿರಬೇಕು. ಇದರಿಂದ ಹುಟ್ಟಿದ್ದು ‘ಒನ್ ಆ್ಯಂಡ್ ಡನ್’ ಎಂಬ ಆಡುಮಾತು: ಒಂದು ವರ್ಷದ ಶಾಸ್ತ್ರ ಮುಗಿಸಿ ಕಾಲೇಜಿಗೆ ಕೈಮುಗಿಯುವುದು. ಪಂಜಾಬಿನ ಬಲ್ಲೋಕೆ ಹಳ್ಳಿಯ ಸತ್ನಾಮ್ ಸಿಂಗ್ ಭಮಾರಾ ಕಾಲೇಜಿಗೆ ಹೋಗದೆ, ಫ್ಲಾರಿಡಾದ ಕ್ರೀಡಾ ಅಕಾಡೆಮಿಯಿಂದಲೇ ಬಂದು 2015ರಲ್ಲಿ ಡಲ್ಲಾಸ್ ತಂಡಕ್ಕೆ 52ನೆಯವನಾಗಿ ಆಯ್ಕೆಯಾದ. ಭಾರತದಲ್ಲಿ ಹುಟ್ಟಿದವರಲ್ಲಿ ಎನ್‌ಬಿಎ ಡ್ರಾಫ್ಟಿನಲ್ಲಿ ಆಯ್ಕೆಯಾದ ಮೊದಲಿಗ ಅವನೇ. ಆದರೆ ಎನ್‌ಬಿಎ ಲೀಗ್ ಪಂದ್ಯವೊಂದನ್ನೂ ಆಡುವ ಯೋಗ ಕೂಡಿಬರಲಿಲ್ಲ.

ಈ ನಡುವೆ ಪದವೇ ಸವೆಯುತ್ತಿತ್ತು. ವಿಶ್ವ ಬ್ಯಾಸ್ಕೆಟ್‌ಬಾಲ್ ಸಂಸ್ಥೆ ‘ಫಿಬಾ’ದ ಕೊನೆಯ ‘ಎ’ ಒಂದು ಕಾಲಕ್ಕೆ ಅಮೆಚೂರ್ ಎಂಬುದನ್ನೇ ಸೂಚಿಸುತ್ತಿತ್ತು. 1989ರಲ್ಲಿ ಎನ್‌ಬಿಎ ಆಟಗಾರರಿಗೆ ಬಾಗಿಲು ತೆರೆದ ಸಂಸ್ಥೆ ಹೆಸರಿನಿಂದ ಆ ಪದವನ್ನು ಕೈಬಿಟ್ಟಿತು. ಅಕ್ಷರ ಮಾತ್ರ ಉಳಿಯಿತು. 1992ರ ಬಾರ್ಸಿಲೋನಾ ಒಲಿಂಪಿಕ್ಸ್‌ನಲ್ಲಿ ಎನ್‌ಬಿಎ ತಾರೆಗಳ ಅಮೆರಿಕನ್ ‘ಡ್ರೀಮ್ ಟೀಮ್’ ಸಾಧ್ಯವಾದದ್ದು ಇದರಿಂದಲೇ. 2021ರ ಜೂನ್‌ನಲ್ಲಿ, ಕಾಲೇಜು ಆಟಗಾರರಿಗೆ ಕೊಡುವ ಸೌಲಭ್ಯಗಳ ಮಿತಿಯನ್ನು ಪ್ರಶ್ನಿಸಿದ ಆಲ್ಸ್ಟನ್ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನ ಒಂಬತ್ತೂ ನ್ಯಾಯಮೂರ್ತಿಗಳು ಎನ್‌ಸಿಎಎ ವಿರುದ್ಧ ತೀರ್ಪು ಕೊಟ್ಟರು. ಮರುತಿಂಗಳಿನಿಂದ ಕಾಲೇಜು ಆಟಗಾರರು ತಮ್ಮ ಹೆಸರು, ಚಿತ್ರಗಳಿಂದ ಜಾಹೀರಾತು ಹಣ ಗಳಿಸುವಂತಾಯಿತು. 2025ರ ಜುಲೈಯಿಂದ ವಿಶ್ವವಿದ್ಯಾಲಯಗಳೇ ನೇರವಾಗಿ ಹಣ ಕೊಡಬಹುದು. ಎಲ್ಲ ಕ್ರೀಡೆಗಳೂ ಸೇರಿ ಮೊದಲ ವರ್ಷದ ಮಿತಿ ಸುಮಾರು 2.05 ಕೋಟಿ ಡಾಲರ್. ಕಾಲೇಜು ಬೇಡವೆನ್ನುವ ಹುಡುಗರಿಗೆಂದು ಎನ್‌ಬಿಎ 2020ರಲ್ಲಿ ಕಟ್ಟಿದ್ದ ‘ಇಗ್ನೈಟ್’ ತಂಡ 2024ರಲ್ಲಿ ಮುಚ್ಚಿತು. ಕಾಲೇಜಿನಲ್ಲೇ ದುಡ್ಡು ಸಿಗುವಾಗ ಅದು ಯಾರಿಗೆ ಬೇಕಿತ್ತು?

ಹಾಗಾದರೆ ಹುಡುಗರು ಕಾಲೇಜು ಬಿಟ್ಟು ವೃತ್ತಿಪರರಾಗಬೇಕೇ? ಈ ಪ್ರಶ್ನೆಗೆ ಬಿಗಿ ತಂದದ್ದೇ ಅಮೆಚೂರ್ ಎಂಬ ಪದ. ಓದಬೇಕೆಂದರೆ ದುಡಿಯಬಾರದು, ದುಡಿದರೆ ಓದಿನ ತಂಡಕ್ಕೆ ಮರಳಬಾರದು ಎಂದು ಅದು ಹಟ ಹಿಡಿದಿತ್ತು. ಆ ಹಟ ಸಡಿಲಿದೆ. ಉಳಿದಿರುವುದು ಮೈ ಪಳಗಿದೆಯೇ, ಕರಾರಿನಲ್ಲಿ ಏನಿದೆ, ಮೊಣಕಾಲು ಮುರಿದರೆ ಮುಂದೇನು ಎಂಬ ಲೌಕಿಕ ಪ್ರಶ್ನೆಗಳು. ಗಾರ್ನೆಟ್‌ಗೆ ಒಗ್ಗಿದ ದಾರಿ ಯಂಗ್‌ಗೆ ಒಗ್ಗಲಿಲ್ಲ. ಇಬ್ಬರಿಗೂ ಒಂದೇ ನಿಯಮ ಮಾಡುವುದು ಅನ್ಯಾಯ. ಮತ ಹಾಕುವ, ಸೈನ್ಯ ಸೇರುವ ವಯಸ್ಸಿನವನಿಗೆ ತನ್ನ ಆಟ ಮಾರುವ ಹಕ್ಕೂ ಇರಬೇಕು. ಆಟ ಕೈಕೊಟ್ಟ ದಿನ ತರಗತಿಗೆ ಮರಳಿ ಬಂದರೆ, ಅವನ ವಿದ್ಯಾರ್ಥಿವೇತನವನ್ನು ಯಾರೂ ಕಿತ್ತುಕೊಳ್ಳಬಾರದು.